ಬೋಳು ಹಣಿಗೆ

"ನೀ ಎಷ್ಟು ಹಣಿಗಿ ಕಟ್ಟಿದ್ರೂ ಮೊದಲನೇ ಎಳಿ ನಂದಪ್ಪ. ಎಲ್ಲೇ ಇದ್ರೂ ಕೂಟದ ದಿನ ಬರ್ತೀನಿ" ಎಂದು ಸುಂಕಮ್ಮ ಅಪ್ಪನಿಗೆ ಮಾತು ಕೊಟ್ಟದ್ದು ತಾಯಿ ಪಕೀರಮ್ಮನನ್ನು ಮಣ್ಣು ಮಾಡಿ ಬಂದ ದಿನ. ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ. ಸೊಲ್ಲಾಪುರ ಎಂಬ ಊರು ಯಾವ ದಿಕ್ಕಿಗಿದೆ ಎಂಬುದೂ ಗೊತ್ತಿರಲಿಲ್ಲ.

ಅದೇ ಮಾತನ್ನು ನಂಬಿಕೊಂಡು ಅಪ್ಪ ಉಚ್ಚೀರಪ್ಪ ಆದವಾನಿಯ ಹತ್ತಿ ಕಾರ್ಖಾನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಸ್ಟೇಷನ್ನಿನ ಕಡೆ ಮುಖ ಮಾಡಿ ಕೂತಿದ್ದ. ಹೊಸ ಹತ್ತಿ ಬರುವ ಮುಂಚೆ ಅಂಗಳ ಖಾಲಿಯಿರುವಾಗ ವರ್ಷಕ್ಕೊಮ್ಮೆ ಅಲ್ಲಿ ಸುತ್ತಲಿನ ನೇಕಾರರೆಲ್ಲ ಕೂಡುತ್ತಿದ್ದರು. ನಡುವೆ ಚಾಪೆ ಹಾಸಿಕೊಂಡು ಹಿರಿಯರು ನೂಲಿನ ಅಭಾವದ ಬಗ್ಗೆ, ಯುದ್ಧದ ಬಗ್ಗೆ ಜಗಳಾಡುತ್ತಿದ್ದರೆ, ಗೋಡೆಗುಂಟ ಮಗ್ಗದ ಸಾಮಾನು ಮಾರುವವರು ಸಾಲಾಗಿ ಕೂರುತ್ತಿದ್ದರು. ಲಾಳಿ, ನೂಲು ಸುತ್ತುವ ಕಂಡಿಕೆ, ಎಳೆಗಳಿಗೆ ಗಂಜಿ ತಿಕ್ಕುವ ಕುಂಚ, ಚಿಪ್ಪಗಿರಿ ಕಡೆಯ ಕಂಬಳಿ ನೇಯುವವರ ಗಂಜಿಗಾಗಿ ಹುಣಸೆಬೀಜದ ಹಿಟ್ಟು.

ಉಚ್ಚೀರಪ್ಪ ಮಾರುವುದು ಹಣಿಗೆ. ಬಿದಿರಿನ ಸಣ್ಣ ಸಣ್ಣ ಹಲ್ಲುಗಳನ್ನು ಒತ್ತಾಗಿ ಸಾಲುಗಟ್ಟಿಸಿ ಬಿಗಿದದ್ದು. ಮಗ್ಗದ ಉದ್ದಕ್ಕೆ ಹೂಡಿದ ಹಾಸಿನ ಎಳೆಗಳನ್ನು ಒಂದಕ್ಕೊಂದು ಸಿಕ್ಕಾಗದಂತೆ ಹಿಡಿಯುವುದು, ಅಡ್ಡಲಾಗಿ ಬರುವ ಹೊಕ್ಕಿನ ನೂಲನ್ನು ಬಡಿದು ಕೂರಿಸುವುದು ಅದರ ಕೆಲಸ. ಹೊಸ ಹಣಿಗೆಯನ್ನು ಬರಿದಾಗಿ ಯಾರೂ ಮನೆಗೆ ಒಯ್ಯುವುದಿಲ್ಲ. ಕಟ್ಟಿದವನ ಮನೆಯ ಹೆಣ್ಣುಮಗಳು ಮೊದಲ ಸಂದಿನಲ್ಲಿ ಒಂದು ಕೆಂಪು ಎಳೆ ಪೋಣಿಸಿ ಗಂಟು ಹಾಕಬೇಕು. ಆ ಗಂಟನ್ನು ಮೊದಲ ಬಟ್ಟೆ ಇಳಿಯುವ ತನಕ ಬಿಚ್ಚುವಂತಿಲ್ಲ, ಅದರ ಮೇಲೆ ಇನ್ನೊಂದು ಹಾಕುವಂತಿಲ್ಲ. ಎಳೆ ಇಲ್ಲದ್ದು ಬೋಳು ಹಣಿಗೆ. ಪಕೀರಮ್ಮ ಇದ್ದಾಗ ಅವಳು ಹಾಕುತ್ತಿದ್ದಳು. ಆಮೇಲೆ ಸುಂಕಮ್ಮ. ಗಂಡ ಮಗ್ಗ ಬಿಟ್ಟು ಸೊಲ್ಲಾಪುರದ ಮಿಲ್ಲಿಗೆ ಸೇರಿದ ಮೇಲೂ ಅವಳು ತಪ್ಪಿಸಿರಲಿಲ್ಲ.

ಬೆಳಿಗ್ಗೆ ರಾಯಚೂರು ಕಡೆಯ ಗಾಡಿ ಕೂಗಿಕೊಂಡು ಬಂದಿತ್ತು. ಇಳಿದವರು ಗಂಟುಮೂಟೆ ಹೊತ್ತು ಅಂಗಳದ ಮುಂದೆಯೇ ಹಾದುಹೋದರು. ಉಚ್ಚೀರಪ್ಪ ಎದ್ದು ನಿಂತು ಒಬ್ಬೊಬ್ಬರ ಮುಖ ನೋಡಿದ. ಧೂಳು ಕೂತ ಮೇಲೆ ತಾನೂ ಕೂತ.

"ಮಾಮ, ನಿನ್ನ ಹಣಿಗಿಗೆ ಹೆಣ್ಣುಮಗಳು ಬೇಕು, ಕೆಂಪು ದಾರ ಬೇಕು. ಇನ್ನ ವಾಲಗ ಒಂದ ಬಾಕಿ ನೋಡು" ಎಂದ ಪಕ್ಕದ ಲಾಲಪ್ಪ. ಅವನು ಆ ವರ್ಷ ಲಾಳಿಗಳ ಜೊತೆ ಮಿಲ್ಲಿನ ತಂತಿ ಹಣಿಗೆ ತಂದಿದ್ದ. "ನನ್ನವು ಹುಟ್ಟು ಸನ್ಯಾಸಿಗಳು. ಯಾರ ದಾರಿನೂ ಕಾಯಂಗಿಲ್ಲ."

"ಬಾಯಿ ಮುಚ್ಚಲೇ ಲಾಲಪ್ಪ" ಎಂದಳು ಆಚೆ ಬದಿಗೆ ಹುಣಸೆಬೀಜದ ಹಿಟ್ಟು ಜರಡಿ ಹಿಡಿಯುತ್ತಿದ್ದ ಗುರುಬಸಮ್ಮ. "ನಿನ್ನ ತಂತಿ ತುಕ್ಕು ಹಿಡಿದು ಹಾಸು ಕೊಯ್ದ ದಿನ ನಿನಗ ಊದ್ತಾರ ವಾಲಗ."

ಲಾಲಪ್ಪ ನಕ್ಕ. ಉಚ್ಚೀರಪ್ಪನೂ ನಗಲು ನೋಡಿದ.

ಹೊತ್ತು ಇಳಿಯುತ್ತಿದ್ದಂತೆ ಮಾಧವರಂನ ನರಸಪ್ಪ ಬಂದ. ಹೋದ ವರ್ಷವೇ ಹೇಳಿಟ್ಟ ಹಣಿಗೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಹಲ್ಲುಗಳ ಮೇಲೆ ಉಗುರು ಎಳೆದ. ಅದು ಝರ್ ಎಂದು ಹಾಡಿತು. ಅವನ ಮುಖ ಅರಳಿತು. ಆಮೇಲೆ ಮೊದಲ ಸಂದು ನೋಡಿದ.

"ಏಮಿ ಮಾಮ, ಕೂತುರು ರಾಲೇದಾ? ಮಗಳು ಬಂದಿಲ್ಲೇನು?"

"ಬರ್ತಾಳ."

"ಮನಿಯಾಗ ಹೊಸಾ ಮಗ್ಗ ಹೂಡೀವಿ. ಬೋಳು ಹಣಿಗಿ ಒಯ್ದ್ರ ನಮ್ಮವ್ವ ನನ್ನ ಹೊಸ್ತಿಲ ದಾಟಿಸಂಗಿಲ್ಲ. ಇಲ್ಲಂದ್ರ ಹೇಳಿಬಿಡು, ಈ ಸಲ ಲಾಲಪ್ಪನ ಕಡೀದ ಒಯ್ತೀನಿ, ತಂತೀದಕ್ಕ ಎಳಿ ಬೇಕಾಗಿಲ್ಲ. ಬ್ಯಾಸರ ಮಾಡಿಕೋಬ್ಯಾಡ."

"ಬರ್ತಾಳ ಅಂದ್ನೆಲ್ಲ! ಹೋಗಿ ಎತ್ತು ಹೂಡಿಕೊಂಡು ಬಾ."

ನರಸಪ್ಪ ಹೋದ. ಉಚ್ಚೀರಪ್ಪ ಸ್ಟೇಷನ್ನಿನ ದಾರಿ ನೋಡಿದ. ಒಂದು ಕತ್ತೆ, ಅದರ ಹಿಂದೆ ಒಬ್ಬ ಅಗಸ, ಮತ್ತೆ ಬರೀ ದಾರಿ. ಅವನು ಗುರುಬಸಮ್ಮನ ಕಡೆ ತಿರುಗಿದ.

"ಅಮ್ಮಾರೆ, ಒಂದು ಎಳಿ ಹಾಕಿ ಕೊಡ್ರಿ. ಇದೊಂದಕ್ಕ."

ಗುರುಬಸಮ್ಮನ ಜರಡಿ ನಿಂತಿತು. "ನಾ ನಿಮ್ಮ ಮನಿಯಾಕಿ ಅಲ್ಲೋ ಯಣ್ಣ. ಅದೂ ಗಂಡ ಸತ್ತಾಕಿ. ನಾಳೆ ಆ ಮಗ್ಗದಾಗ ಎಳಿ ಹರಿದ್ರ ಯಾರ ಹೆಸರು ಬರ್ತದ? ಇನ್ನೊಂದೀಟು ತಡಿ. ಹುಡುಗಿ ಬರ್ತಾಳ."

ತಡೆಯುವುದು ಅವನಿಗೆ ಹೊಸದಲ್ಲ. ಬಿದಿರು ನೆನೆಯುವ ತನಕ ತಡೆದಿದ್ದಾನೆ, ಸೀಳು ಒಣಗುವ ತನಕ ತಡೆದಿದ್ದಾನೆ. ಆದರೆ ಮಗಳು ಬರಲಿಲ್ಲವೇ ಎಂದು ಬಂದವರೆಲ್ಲ ಕೇಳುವುದು, ತಾನು ಪ್ರತಿಯೊಬ್ಬರಿಗೂ ಉತ್ತರ ಕೊಡುವುದು, ಅದು ಅಂದು ಅವನಿಂದ ಆಗಲಿಲ್ಲ. ಹಣಿಗೆಗಳನ್ನು ಅವನು ಸುತ್ತಿ ತಂದಿದ್ದುದು ಪಕೀರಮ್ಮನ ಹಳೆಯ ಸೀರೆಯಲ್ಲಿ. ಅದರ ಕೆಂಪು ದಡಿಯಿಂದ ಒಂದು ಎಳೆ ಹಿಡಿದು ಎಳೆದ. ಎಳೆ ಮೆಲ್ಲಗೆ, ಸುಕ್ಕು ಸುಕ್ಕಾಗಿ ಕೈಗೆ ಬಂತು. ಬಾಯಲ್ಲಿ ತೇವ ಮಾಡಿ ಮೊದಲ ಸಂದಿನಲ್ಲಿ ಪೋಣಿಸಿದ. ಜೀವಮಾನವೆಲ್ಲ ಹಲ್ಲು ಕಟ್ಟಿದ ಬೆರಳುಗಳಿಗೆ ಆ ಒಂದು ಗಂಟು ಹಾಕಲು ಬರಲಿಲ್ಲ. ಮತ್ತೆ ಮತ್ತೆ ಜಾರಿ, ಕಡೆಗೆ ಹೇಗೋ ಬಿತ್ತು. ಗುರುಬಸಮ್ಮ ಮುಖ ಆಚೆ ತಿರುಗಿಸಿಕೊಂಡಳು.

ನರಸಪ್ಪ ಬಾರುಗೋಲು ಹಿಡಿದು ಬಂದವನು ಹಣಿಗೆ ನೋಡಿ ಹಿಗ್ಗಿದ. "ಬಂದ್ಳೇನು? ಎಲ್ಲಿ, ಕಾಣವಲ್ಲಳು?"

"ನೀರು ಕುಡಿಯಾಕ ಹೋಗ್ಯಾಳ" ಎಂದ ಉಚ್ಚೀರಪ್ಪ.

ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಕಾವಲು ಕೂರಬೇಕು. ನರಸಪ್ಪನಿಗೆ ಹೇಳಿದ್ದು ನಾಕು ಮಂದಿಯ ಕಿವಿಗೆ ಬಿದ್ದಿತ್ತು. ಮಗಳು ಬಂದಿದ್ದಾಳೆ ಎಂದ ಮೇಲೆ ಉಳಿದವು ಬೋಳಾಗಿರುವುದು ಹೇಗೆ? ಉಚ್ಚೀರಪ್ಪ ದಡಿಯಿಂದ ಇನ್ನೊಂದು ಎಳೆ ಹಿರಿದ, ಮತ್ತೊಂದು ಹಿರಿದ. ಲಾಲಪ್ಪ ಎಲ್ಲವನ್ನೂ ನೋಡಿದ. ಲಾಳಿಗಳನ್ನು ಸುಮ್ಮನೆ ಅತ್ತಿಂದಿತ್ತ ಜೋಡಿಸಿಟ್ಟ. ಕಟ್ಟಕಡೆಯ ಹಣಿಗೆಗೂ ಎಳೆ ಬಿದ್ದಾಗ ಸೀರೆಯ ದಡಿ ಒಂದು ಮಗ್ಗುಲಿಗೆ ಜಾಳಾಗಿತ್ತು.

"ಅಪ್ಪ."

ತಲೆ ಎತ್ತಿದರೆ ಸುಂಕಮ್ಮ. ಕೂದಲಲ್ಲಿ ಇಂಜಿನ್ನಿನ ಮಸಿ, ಕಣ್ಣು ಕೆಂಪಗೆ.

"ವಾಡಿ ಟೇಶನ್ನಾಗ ಇಳಿಸಿಬಿಟ್ರಪ್ಪ. ಸೋಲ್ಜರ್ ಮಂದಿಗೆ ಜಾಗ ಬೇಕಂತ. ಆಮ್ಯಾಲ ಬಂದ ಗಾಡ್ಯಾಗ ಬಾಗಲ ಹಿಡಕೊಂಡು ನಿಂತು ಬಂದೆ. ಮತ್ತ ಸಂಜಿ ಗಾಡಿಗೇ ಹೋಗಬೇಕು, ಮಿಲ್ಲಿನಾಗ ನನಗೂ ರಜಾ ಇಲ್ಲ." ಮಾತಾಡುತ್ತಲೇ ಕೂತು, ಸೊಂಟದಿಂದ ಕೆಂಪು ನೂಲಿನ ಉಂಡೆ ತೆಗೆದಳು. "ಪಕ್ಕಾ ಬಣ್ಣ. ನಾನ ನಿಂತು ಅದ್ದಿಸಿದ್ದು. ಒಗೆದ್ರೂ ಬಿಡಂಗಿಲ್ಲ."

ತುದಿಯನ್ನು ಬಾಯಲ್ಲಿ ತೇವ ಮಾಡಿಕೊಂಡು ಮೇಲಿನ ಹಣಿಗೆ ಎತ್ತಿಕೊಂಡಳು. ಇಟ್ಟಳು. ಎರಡನೆಯದನ್ನು ಎತ್ತಿದಳು. ಆಮೇಲೆ ಒಂದೊಂದನ್ನೂ ಎತ್ತುತ್ತ, ಇಡುತ್ತ ತಳದ ತನಕ ಹೋದಳು. ಕಣ್ಣು ಸೀರೆಯ ದಡಿಯ ಮೇಲೆ ನಿಂತಿತು.

"ಯಾರು ಹಾಕಿದ್ರು?"

ಗುರುಬಸಮ್ಮ ಜರಡಿಯಿಂದ ತಲೆ ಎತ್ತಲಿಲ್ಲ.

"ನಾನ ಹಾಕಿದೆ" ಎಂದ ಉಚ್ಚೀರಪ್ಪ.

"ಬರಂಗಿಲ್ಲ ಅಂದುಕೊಂಡ್ಯಾ?"

ಅವನು ಹಣಿಗೆಗಳನ್ನು ನೆಟ್ಟಗೆ ಜೋಡಿಸತೊಡಗಿದ.

"ಒಂದನ್ನೂ ಉಳಿಸಲಿಲ್ಲಲ್ಲಪ್ಪ."

"ಭಾಳ ತ್ರಾಸು ಆಗ್ತದ ನಿನಗ" ಎಂದ ಅವನು. "ಈ ಗಾಡಿ, ಈ ಮಂದಿ... ಬರೋ ವರ್ಷ ಬರಬ್ಯಾಡ ಬಿಡವ್ವ."

ಮಗಳ ದಣಿವು ನೋಡಿ ಮರುಗಿ ಆಡಿದ ಮಾತು. ಆದರೆ ಬಾಯಿಂದ ಹೊರಟದ್ದು ಬೇರೆಯಾಗಿ ಕೇಳಿಸಿತು. ಅದು ಅವನಿಗೂ ತಿಳಿಯಿತು. ಹಿಂದಕ್ಕೆ ಎಳೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

"ಆತು" ಎಂದಳು ಸುಂಕಮ್ಮ. ಬಿಚ್ಚಿದ್ದ ನೂಲನ್ನು ಮತ್ತೆ ಉಂಡೆಗೆ ಸುತ್ತಿದಳು, ನಿಧಾನಕ್ಕೆ, ಒಂದರ ಮೇಲೊಂದು. ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಂದಿದ್ದ ರೊಟ್ಟಿ ಬಿಚ್ಚಿ ಇಬ್ಬರೂ ಅರ್ಧರ್ಧ ತಿಂದರು. ಗಾಡಿಯ ಹೊತ್ತಾದಾಗ ಅವಳು ಎದ್ದಳು. ಅವನು ದಾರಿಯ ತಿರುವಿನ ತನಕ ಹೋಗಿ ಬಂದ.

ಕೂಟ ಮುಗಿದಿತ್ತು. ಲಾಲಪ್ಪ ಗಂಟು ಕಟ್ಟಿಕೊಂಡು, "ಬರ್ತೀನಿ ಮಾಮ" ಎಂದು ಹೋದ. ಉಚ್ಚೀರಪ್ಪ ಉಳಿದ ಹಣಿಗೆಗಳನ್ನು ಸೀರೆಯಲ್ಲಿಟ್ಟು, ಜಾಳಾದ ದಡಿ ಒಳಗೆ ಬರುವಂತೆ ಮಡಚಿದ. ಗಾಳಿಗೆ ಅದು ಮತ್ತೆ ಹೊರಗೆ ಬಂತು. ಸ್ಟೇಷನ್ನಿನ ಕಡೆ ಗಾಡಿ ಕೂಗಿತು.

ಸುಂಕಮ್ಮ ಕೊಟ್ಟ ಮಾತಿನಂತೆ ಕೂಟದ ದಿನ ಬಂದಿದ್ದಳು.