ಹದಿನೇಳನೇ ಪದರ

ಲೋಹವನ್ನು ಗಾಳಿಯಿಲ್ಲದ ಪೆಟ್ಟಿಗೆಯೊಳಗೆ ಆವಿ ಮಾಡಿ, ಗಾಜಿನ ಮೇಲೆ ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತೆಳ್ಳಗೆ ಕೂರಿಸುವುದು. ಈ ಒಂದೇ ಕೆಲಸದಲ್ಲಿ ಜರ್ಮನಿಯ ಪ್ರೊಫೆಸರ್ ಲಿಂಡ್ನರ್ ನಲವತ್ತು ವರ್ಷ ಸವೆಸಿದ್ದರು. ಕಣ್ಣಿಗೆ ಕಾಣದ್ದನ್ನು ಮಾಡಿ ಹೊಟ್ಟೆ ಹೊರೆಯುವವರೂ ಇದ್ದಾರೆಯೇ ಎಂದು ಸವಣೂರಿನವರು ನಕ್ಕರೆ ಅವರ ತಪ್ಪೇನೂ ಇಲ್ಲ. ಅದೇ ಊರಿನ ನುಜಹತ ಮಾತ್ರ ನಗುತ್ತಿರಲಿಲ್ಲ. ಜರ್ಮನಿಗೆ ಹೋಗಿ ಆ ಪ್ರೊಫೆಸರ ಕೈಕೆಳಗೆ ನಾಲ್ಕು ವರ್ಷ ದುಡಿದು ಡಾಕ್ಟರೇಟ್ ಪಡೆದವಳು ಅವಳು. ಅದರ ಬಲದಿಂದಲೇ ಶಿಗ್ಗಾಂವಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು.

ಧಾರವಾಡದಲ್ಲಿ ಭಾಷಣ ಮುಗಿಸಿ ಪ್ರೊಫೆಸರು ಅವಳನ್ನು ಕಾಣಲು ಸವಣೂರಿಗೇ ಬಂದರು. ಎಪ್ಪತ್ತೆರಡು ದಾಟಿದ ಮುಖದಲ್ಲಿ ಮೊದಲಿನ ಠೀವಿ ಇರಲಿಲ್ಲ. ಕುಳಿತ ಕೂಡಲೇ ವಿಷಯಕ್ಕೆ ಬಂದರು. ಹನ್ನೊಂದು ವರ್ಷದ ಹಿಂದೆ ಅವರಿಗೆ ಹೆಸರು, ಅವಳಿಗೆ ಪದವಿ ತಂದುಕೊಟ್ಟ ಹದಿನೇಳನೇ ಪದರವನ್ನು, ಅಂದರೆ ಹದಿನೇಳನೇ ಗಾಜಿನ ಮೇಲೆ ಕೂರಿಸಿದ್ದನ್ನು, ಆಮೇಲೆ ಯಾರಿಂದಲೂ ಮತ್ತೆ ಮಾಡಲಾಗಿರಲಿಲ್ಲ. ವಿದ್ಯುತ್ತು ಅದರಲ್ಲಿ ಹರಿದಷ್ಟು ಸಲೀಸಾಗಿ ಬೇರೆ ಯಾವ ಪದರದಲ್ಲೂ ಹರಿದಿರಲಿಲ್ಲ. ಅಂಕಿಗಳನ್ನು ಅವರೇ ಹುಟ್ಟಿಸಿಕೊಂಡಿದ್ದಾರೆಂದು ಈಗ ಜರ್ಮನಿಯ ಅವರ ವಿಶ್ವವಿದ್ಯಾಲಯ ವಿಚಾರಣೆ ಹೂಡಿತ್ತು.

ಅಷ್ಟರಲ್ಲಿ ಅವಳ ಅವ್ವ ದಾವಲಬಿ ಚಹಾ ತಂದಿಟ್ಟು, ಮನೆಗೆ ಬಂದ ಅತಿಥಿಗೆ ಮಾಡುವಂತೆ, ಪ್ರೊಫೆಸರ ಮುಂಗೈಗೆ ಅತ್ತರು ಸವರಿದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನುಜಹತಳಿಗೆ ಆ ದಿನ ನೆನಪಾಯಿತು. ಆ ಪದರ ಮಾಡಿದ್ದು ಈದ್ ದಿನ. ರಜೆ ಸಿಗದ ಸಿಟ್ಟಿಗೆ, ಅವ್ವ ಕಳಿಸಿದ್ದ ಇದೇ ಅತ್ತರನ್ನು ಮಣಿಕಟ್ಟಿಗೆ ಧಾರಾಳವಾಗಿ ಹಚ್ಚಿಕೊಂಡು ಲ್ಯಾಬಿಗೆ ಹೋಗಿದ್ದಳು. ಗಾಜನ್ನು ಒಳಗಿಡುವಾಗ ಕೈಗವಸು ಜಾರಿ ಮಣಿಕಟ್ಟು ತಾಗಿತ್ತು. ಒರೆಸಿ ಇಟ್ಟಿದ್ದಳು. ಒರೆಸಿದರೆ ಹೋಗಲು ಅದೇನು ಚಹಾದ ಕಲೆಯೇ? ಬೆರಳಚ್ಚು ಬಿದ್ದ ಗಾಜನ್ನೂ ಎಸೆಯುವ ಲ್ಯಾಬು ಅದು. ಅತ್ತರಿನ ಎಣ್ಣೆ ಸುಟ್ಟು ಇಂಗಾಲವಾಗಿ ಪದರದೊಳಗೆ ಸೇರಿತ್ತು, ವಿದ್ಯುತ್ತು ಹಾಗೆ ಹರಿಯಲು ಬೇರೆ ಕಾರಣವೇ ಇರಲಿಲ್ಲ. ಗಾಜು ಸ್ವಚ್ಛವಿದೆಯೇ ಎಂದು ಪ್ರೊಫೆಸರು ಕೇಳಿದಾಗ ಹೂಂ ಅಂದಿದ್ದಳು, ಅವರು ನಂಬಿ ಹಾಗೇ ಬರೆದುಕೊಂಡಿದ್ದರು.

ಅಡುಗೆಮನೆಗೆ ಹೋಗಿ ಅವ್ವನ ಮುಂದೆ ಎಲ್ಲವನ್ನೂ ಹೇಳಿಕೊಂಡಳು.

“ಈಗ ಬಾಯಿಬಿಟ್ರ ನನ್ನ ಪದವಿ ಕಸ್ಗೊಂತಾರ, ಅವ್ವ. ನೌಕರಿನೂ ಹೋಗ್ತೇತಿ.”

ದಾವಲಬಿ ಒಲೆ ಆರಿಸಿದಳು. “ಅವ್ರಿಗೆ ಸುಳ್ಳಬುರುಕ ಅನ್ನಾಕತ್ತಾರ. ನೀ ಇಲ್ಲೇ ನಿಂತು ಕೇಳ್ಕೊಂತ ಇರ್ತಿಯೇನು?”

ನುಜಹತ ಹೊರಬಂದು, ತೊದಲುತ್ತಲೇ ಪ್ರೊಫೆಸರಿಗೆ ಪೂರ್ತಿ ತಿಳಿಸಿದಳು. ಬೈದುಬಿಟ್ಟಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ. ಮುಂಗೈಯನ್ನು ಒಮ್ಮೆ ಮೂಸಿ, ಚೀಲದಿಂದ ಒಂದು ಕಾಗದ ತೆಗೆದರು. ವಿಚಾರಣಾ ಸಮಿತಿಗೆ ಮೂರು ತಿಂಗಳ ಹಿಂದೆ ಅವರು ಕೊಟ್ಟ ಉತ್ತರ ಅದು. ಹದಿನೇಳನೇ ಪದರವನ್ನು ನಾನೊಬ್ಬನೇ ನನ್ನ ಕೈಯಾರೆ ಮಾಡಿದ್ದು, ವಿದ್ಯಾರ್ಥಿಗಳಾರೂ ಮುಟ್ಟಿಲ್ಲ ಎಂದು ಬರೆದಿದ್ದರು.

“ನಿನ್ನನ್ನು ಇದರಲ್ಲಿ ಎಳೆಯಬಾರದು ಅನ್ನಿಸಿತು,” ಎಂದರು ಇಂಗ್ಲಿಷಿನಲ್ಲಿ. “ನಲವತ್ತು ವರ್ಷದಲ್ಲಿ ನಾನು ಬರೆದ ಸುಳ್ಳು ಇದೊಂದೇ.”

ಆಮೇಲೆ ಖಾಲಿ ಹಾಳೆ, ಪೆನ್ನು ಅವಳ ಕಡೆ ಸರಿಸಿ, ಸಮಿತಿಗೆ ಬರೆಯುವುದಾದರೆ ಎಲ್ಲವನ್ನೂ ಬರೆ ಎಂದರು.

ನುಜಹತ ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದು ತಪ್ಪನ್ನು ಒಪ್ಪಿಕೊಂಡಳು. ಎರಡನೇ ಸಾಲಿಗೆ ಕೈ ಏಳಲಿಲ್ಲ. ಅಲ್ಲಿ ಪ್ರೊಫೆಸರು ಸುಳ್ಳು ಹೇಳಿದ್ದಾರೆಂದು ಬರೆಯಬೇಕಿತ್ತು.