ಬಂಗಡೆ ಆರಿಸಿದ ಹಾಗೆ ಮೌಸು

ನನ್ನ ಗಂಡ ಬೊಮ್ಮಯ್ಯ ಜೀವಮಾನದಲ್ಲಿ ಒಮ್ಮೆಯೂ ಹಾಳಾದ ಬಂಗಡೆ ಮನೆಗೆ ತಂದವರಲ್ಲ. ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ, ಮೂಸಿ, ಕೊನೆಗೆ ಅಂಗೈಯಲ್ಲಿ ತೂಗಿ ನೋಡಿಯೇ ತರುವವರು. ಈ ಒಂದು ಹೆಗ್ಗಳಿಕೆಯಿಂದ ಅವರಿಗೆ ಜಗತ್ತಿನ ಯಾವ ವಸ್ತುವನ್ನಾದರೂ ಆರಿಸಬಲ್ಲೆ ಎಂಬ ಧೈರ್ಯ ಬಂದುಬಿಟ್ಟಿತ್ತು. ಹಾಗಾಗಿ 2005ರ ಮೇ ತಿಂಗಳಲ್ಲಿ ನನಗೊಂದು ಕಂಪ್ಯೂಟರ್ ಮೌಸು ಬೇಕಾದಾಗ, "ನೀ ಸುಮ್ನಿರು, ನಾ ಆರಿಸಿ ಕೊಡ್ತೆ" ಎಂದು ಎದ್ದು ನಿಂತರು. ಅವರು ಅಲ್ಲಿಯವರೆಗೆ ಮೌಸನ್ನು ಕಣ್ಣಿಂದಲೂ ಕಂಡಿರಲಿಲ್ಲ.

ನಾನು ಅಂಕೋಲೆಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಇಪ್ಪತ್ತೆರಡು ವರ್ಷದಿಂದ ಶಾಲೆ ಬಿಡುವ ಮಕ್ಕಳಿಗೆ ಟಿ.ಸಿ. ಬರೆಯುವವಳು ನಾನೇ. ನನ್ನ ಅಕ್ಷರ ಚೆಂದ ಎಂದು ಹಾರವಾಡದಿಂದ ಬರುವ ಪಾಲಕರೂ ಹೇಳುತ್ತಿದ್ದರು. ಆ ವರ್ಷ ಆಫೀಸಿಗೆ ಕಂಪ್ಯೂಟರ್ ಬಂತು. ಜೂನ್ ಒಂದರಿಂದ ಟಿ.ಸಿ. ಎಲ್ಲ ಅದರಲ್ಲೇ ಆಗಬೇಕು, ಮೇ ಮೂವತ್ತಕ್ಕೆ ತನ್ನ ಎದುರು ಹತ್ತು ನಿಮಿಷದಲ್ಲಿ ಒಂದು ಟಿ.ಸಿ. ಮಾಡಿ ತೋರಿಸಬೇಕು, ಆಗದವರು ನಮ್ಮ ಸಂಸ್ಥೆಯ ತೋಡೂರಿನ ಶಾಲೆಗೆ ಹೋಗಬೇಕು ಎಂದು ಹೆಡ್ ಮಾಸ್ತರು ಹೇಳಿಬಿಟ್ಟರು. ತೋಡೂರಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಿಟಕಿ ಪಕ್ಕದ ಆ ಕುರ್ಚಿ ನನ್ನದು. ನಲವತ್ತಾರನೇ ವಯಸ್ಸಿಗೆ 'ಇವಳ ಕೈಲಿ ಆಗಲಿಲ್ಲ' ಎಂದು ಅನಿಸಿಕೊಂಡು ಅಲ್ಲಿಂದ ಏಳುವುದು ನನ್ನಿಂದ ಸಾಧ್ಯವಿರಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಅಕ್ಷರ ಒತ್ತುವುದನ್ನು ವಾರದಲ್ಲಿ ಕಲಿತೆ. ತೊಂದರೆ ಬಂದದ್ದು ಮೌಸಿನಿಂದ. ಪರದೆಯ ಮೇಲಿನ ಬಾಣವನ್ನು ಟಿ.ಸಿ. ನಮೂನೆಯಲ್ಲಿ ಹುಡುಗನ ಹೆಸರಿನ ಮನೆಗೆ ಒಯ್ದರೆ ಅದು ಜಾತಿಯ ಮನೆಗೆ ಹೋಗಿ ಕೂರುತ್ತಿತ್ತು. ಎಳೆದರೆ ಮೂಲೆಗೆ ಓಡಿಹೋಗಿ ಮುಖವನ್ನೇ ತೋರಿಸುತ್ತಿರಲಿಲ್ಲ. ಹಿಂದೆ ನಿಂತು ಕಲಿಸುತ್ತಿದ್ದವರು ನಮ್ಮ ಹೆಡ್ ಕ್ಲರ್ಕ್ ಸದಾಶಿವ ಭಟ್ಟರು. ಶಿರಸಿಗೆ ಹೋಗಿ ಹದಿನೈದು ದಿನ ತರಬೇತಿ ಮುಗಿಸಿ ಬಂದ ಮೇಲೆ ಅವರ ನಡಿಗೆಯೇ ಬದಲಾಗಿತ್ತು.

"ಮೆಲ್ಲಗೆ, ಕಲಾವತಿಯವರೆ, ಮೆಲ್ಲಗೆ. ಅದು ರುಬ್ಬುವ ಗುಂಡು ಅಲ್ಲ."

ಮೌಸಿನ ಹೊಟ್ಟೆಯೊಳಗಿನ ರಬ್ಬರ್ ಗುಂಡು ಕೊಳೆಯಾಗಿರಬೇಕೆಂದು ನಾನು ಅದನ್ನು ತೆಗೆದು ಶೀಗೆಪುಡಿ ಹಾಕಿ ತೊಳೆದೂ ನೋಡಿದೆ. ಆಮೇಲೆ ಅದು ಜಾತಿಯ ಮನೆಗೆ ಇನ್ನೂ ಬೇಗ ಹೋಗತೊಡಗಿತು. ಭಟ್ಟರು ಬೇಸತ್ತು, "ನಿಮ್ಮ ಕೈಗೆ ಹೊಂದೂ ಮೌಸು ಒಂದು ತಕಂಡು ಬನ್ನಿ" ಎಂದರು.

ಶನಿವಾರ ಕಾರವಾರಕ್ಕೆ ಹೋದೆವು. ಹೊತ್ತು ಏರಿದರೆ ಒಳ್ಳೆಯ ಮೀನು ಸಿಗುವುದಿಲ್ಲವೆಂದು ಬೊಮ್ಮಯ್ಯ ಮೊದಲು ಮಾರ್ಕೆಟ್ಟಿಗೇ ನುಗ್ಗಿ ಬಂಗಡೆ ಕೊಂಡರು. ಕಂಪ್ಯೂಟರ್ ಅಂಗಡಿಗೆ ಬಂದ ಮೇಲೆ, ಆರಿಸಲು ಎರಡೂ ಕೈ ಬೇಕೆಂದು ಮೀನಿನ ಚೀಲವನ್ನು ನನ್ನ ಕೈಗೆ ಕೊಟ್ಟರು. ನಾನದನ್ನು ಎಡಗೈಯಲ್ಲಿ ಹಿಡಿದು ನಿಂತೆ.

ಅಂಗಡಿಯ ಸಂದೀಪ ಫೋನಿನಲ್ಲಿ ಯಾರಿಗೋ ಕೊಂಕಣಿಯಲ್ಲಿ ಬಯ್ಯುತ್ತಲೇ ಐದು ಮೌಸು ತಂದು ಮೇಜಿನ ಮೇಲೆ ಸಾಲಾಗಿಟ್ಟ. ಬೊಮ್ಮಯ್ಯ ಒಂದನ್ನೆತ್ತಿ ಅಂಗೈಯಲ್ಲಿ ತೂಗಿದರು.

"ಇದ್ರೊಳಗೆ ಎಂತದೂ ಇಲ್ವಲ ಮಾರಾಯ. ಬರೇ ಸಿಪ್ಪೆ."

"ಅದು ಲೈಟಿಂದು, ಗುಂಡು ಇಲ್ಲ ಅದಕ್ಕೆ" ಎಂದು ಸಂದೀಪ ಅದರ ವಯರನ್ನು ಕಂಪ್ಯೂಟರಿಗೆ ಚುಚ್ಚಿದ. ಬೊಮ್ಮಯ್ಯ ಮೌಸನ್ನು ಬೋರಲು ಹಾಕಿದರು. ಹೊಟ್ಟೆಯಲ್ಲಿ ಕೆಂಪು ದೀಪ ಹೊತ್ತಿತ್ತು. ಅವರ ಮುಖ ಅರಳಿತು.

"ಕಿವಿರು ಕೆಂಪಗಿದೆ ಕಲಾ. ತಾಜಾ ಮಾಲು."

ನಂತರ ಅದನ್ನು ಮೂಸಿದರು. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ಸಂದೀಪ ಮಾತ್ರ ಮುಖ ಗಂಭೀರ ಮಾಡಿಕೊಂಡು ಅಂಗಡಿಯ ಅತಿ ದೊಡ್ಡ ಮೌಸನ್ನು ಮುಂದಿಟ್ಟ. ಹೆಬ್ಬೆರಳು ಕೂರಲು ಪಕ್ಕದಲ್ಲೊಂದು ತಗ್ಗು, ಮೇಲೆ ಬೆನ್ನು, ತೂಕವೂ ಜೋರು. ಬೊಮ್ಮಯ್ಯ ಅಲ್ಲೇ ಸೋತರು. "ಇದೇ ಆಯ್ತು, ಕಟ್ಟು" ಎಂದರು.

ನಾನು ಬಲಗೈ ಇಟ್ಟು ಆಡಿಸಿ ನೋಡಿದೆ. ಬಾಣ ಎಂದಿನಂತೆ ಮೂಲೆಗೆ ಓಡಿತು. ಉಳಿದವನ್ನೂ ನೋಡಿದೆ, ಎಲ್ಲವೂ ಒಂದೇ ಕತೆ. ಕೊನೆಯದೊಂದು ಸಾದಾ ಕಪ್ಪು ಮೌಸು, ಎರಡೂ ಬದಿ ಒಂದೇ ಥರದ್ದು, ವಯರು ಚುಚ್ಚಿಕೊಂಡು ಮೇಜಿನ ಅಂಚಿನಲ್ಲಿತ್ತು. ಅಷ್ಟರಲ್ಲಿ ಚೀಲದಿಂದ ಮೀನಿನ ನೀರು ತೊಟ್ಟಿಕ್ಕತೊಡಗಿತು.

"ಬಾಯಿ, ಆ ಚೀಲ ಸ್ವಲ್ಪ ಆಚೆ ಹಿಡೀರಿ, ಕೀಬೋರ್ಡಿಗೆ ಬೀಳ್ತದೆ" ಎಂದು ಸಂದೀಪ ಗಾಬರಿಯಾದ. ಕೊಂಕಣಿಯವರಿಗೆ ಹೆಂಗಸರೆಲ್ಲ 'ಬಾಯಿ'ಯೇ.

ನಾನು ಗಡಿಬಿಡಿಯಲ್ಲಿ ಚೀಲವನ್ನು ಬಲಗೈಗೆ ದಾಟಿಸಿದೆ. ಅದು ತಾಗಿ ಕಪ್ಪು ಮೌಸು ಅಂಚಿನಿಂದ ಜಾರಿತು. ಬೀಳದ ಹಾಗೆ ಎಡಗೈಯಲ್ಲಿ ಹಿಡಿದು ಮೇಜಿಗೆ ಒತ್ತಿದೆ. ತಲೆಯೆತ್ತಿ ಪರದೆ ನೋಡಿದೆ. ಎಡಗೈ ತಾನಾಗಿ ಆಡಿ, ನಾನು ಎಲ್ಲಿ ನೋಡುತ್ತೇನೋ ಬಾಣ ಅಲ್ಲಿಗೆ ಬಂದು ನಿಂತಿತು. ಮೇಲೆ ನೋಡಿದೆ, ಮೇಲೆ ಹೋಯಿತು. ಕೆಳಗೆ ಬಾ ಎಂದುಕೊಂಡೆ, ಬಂತು. ಕದಿಯುವಾಗ ಸಿಕ್ಕಿಬಿದ್ದವಳಂತೆ ಕೈ ಹಿಂದೆಳೆದುಕೊಂಡೆ.

ಕಾರಣ ನನ್ನ ಅವ್ವ. ಆರು ವರ್ಷದವಳಿದ್ದಾಗ ಊಟಕ್ಕೆ ಕೂತರೆ ಅವಳು ನನ್ನ ಎಡಗೈಯನ್ನು ಹಳೆ ಸೀರೆಯ ತುಂಡಿನಿಂದ ಬೆನ್ನ ಹಿಂದೆ ಕಟ್ಟುತ್ತಿದ್ದಳು. ಪಾಟಿ ಹಿಡಿದರೆ ಪಕ್ಕದಲ್ಲೇ ಸೌಟು ಹಿಡಿದು ಕೂರುತ್ತಿದ್ದಳು. "ಹೋದ ಮನೇಲಿ ಎಡಗೈಲಿ ಅನ್ನ ಬಡಿಸಿದ್ರೆ ಅವ್ರು ಬಯ್ಯೂದು ನಿನ್ನಲ್ಲ, ನನ್ನ" ಎನ್ನುತ್ತಿದ್ದಳು. ಊರೆಲ್ಲ ಹೊಗಳಿದ ನನ್ನ ಚೆಂದದ ಅಕ್ಷರ ಬಂದದ್ದು ಹೀಗೆ. ನಾನು ಎಡಗೈಯವಳು ಎಂಬುದನ್ನೇ ಮರೆತಿದ್ದೆ.

"ಬಾಯಿ, ನೀವು ಎಡಗೈಯವ್ರಾ?" ಎಂದ ಸಂದೀಪ.

"ಅಲ್ಲ" ಎಂದೆ ನಾನು.

"ಹೌದು" ಎಂದರು ಬೊಮ್ಮಯ್ಯ, ಅದೇ ಹೊತ್ತಿಗೆ. "ಮೀನು ಹೆರೆಯೂದು, ಬೀಗ ತೆಗೆಯೂದು, ನಂಗೆ ಬಯ್ಯುವಾಗ ಬೆರಳು ತೋರ್ಸೂದು, ಎಲ್ಲಾ ಎಡಗೈಲೇ. ಜನ ಬಂದ್ರೆ ಮಾತ್ರ ಬಲಗೈ."

ಮದುವೆಯಾಗಿ ಇಪ್ಪತ್ನಾಲ್ಕು ವರ್ಷ. ಈ ಮನುಷ್ಯ ಎಲ್ಲವನ್ನೂ ನೋಡಿದ್ದಾರೆ, ಒಂದು ದಿನವೂ ಬಾಯಿ ಬಿಟ್ಟಿಲ್ಲ. ಅಂಗಡಿಯಲ್ಲೇ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಮೌಸು ಮೂಸಿದ್ದನ್ನು ಆ ಕ್ಷಣಕ್ಕೆ ಕ್ಷಮಿಸಿದೆ.

ದೊಡ್ಡ ಮೌಸು ಬಲಗೈಯ ಅಚ್ಚಿನದು, ಎಡಗೈಗೆ ಕೂರುವುದೇ ಇಲ್ಲ ಎಂದ ಸಂದೀಪ. ಸಾದಾ ಕಪ್ಪನ್ನೇ ತೆಗೆದುಕೊಂಡೆವು. ಎಡಗೈಯಲ್ಲಿ ಹಿಡಿದರೆ ತೋರುಬೆರಳು ಬೀಳುವುದು ಬಲಬದಿಯ ಗುಂಡಿಯ ಮೇಲೆ, ಆದ್ದರಿಂದ ಎರಡು ಗುಂಡಿಗಳ ಕೆಲಸವನ್ನು ಕಂಪ್ಯೂಟರಿನೊಳಗೆ ಅದಲುಬದಲು ಮಾಡಿಕೊಳ್ಳಬೇಕು ಎಂದು ಅವನು ತೋರಿಸಿಕೊಟ್ಟ. ನಾನದನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಹಗುರ ಮಾಲು ಬಾಳಿಕೆ ಬರುವುದಿಲ್ಲವೆಂದು ಬೊಮ್ಮಯ್ಯ ಹಾರವಾಡ ದಾಟುವವರೆಗೂ ಗೊಣಗಿದರು.

ಸೋಮವಾರ ಆಫೀಸಿನಲ್ಲಿ ಹೊಸ ಮೌಸು ಚುಚ್ಚಿ, ಗುಂಡಿ ಬದಲಿಸಿ, ಎಡಗೈ ಇಟ್ಟು ಕೂತೆ. ಭಟ್ಟರು ಕಂಡು ಹೌಹಾರಿದರು.

"ಎಡಗೈಲಾ? ಇದು ಸರಸ್ವತಿ ಕೆಲಸ ಅಂತ ನೆನಪಿದ್ದಾ? ಎಡಗೈಲಿ ಮಾಡಿದ ಟಿ.ಸಿ. ಪಾಲಕರು ಮುಟ್ಟೂದಿಲ್ಲ."

ಅವರಿಗೆ ನನ್ನ ಮೇಲೆ ದ್ವೇಷವೇನಿಲ್ಲ, ನಿಜವಾಗಿಯೂ ಹಾಗೇ ನಂಬಿದ್ದರು. ಅದಕ್ಕೇ ನನಗೆ ಇನ್ನಷ್ಟು ನಾಚಿಕೆಯಾಯಿತು. ಎರಡು ದಿನ ಮತ್ತೆ ಬಲಗೈಯಲ್ಲಿ ಒದ್ದಾಡಿದೆ. ಬಾಣ ಮತ್ತೆ ಜಾತಿಯ ಮನೆಗೇ ಹೋಯಿತು. ಮೂರನೇ ದಿನ ಸಿಟ್ಟು ಬಂತು. ಅವ್ವನ ಸೌಟಿಗೆ ಹೆದರಿದ್ದು ಸಾಕು, ಭಟ್ಟರಿಗೂ ಹೆದರಬೇಕೆ? ಎಡಗೈ ಇಟ್ಟೆ. "ಭಟ್ರೆ, ಗುಂಡಿ ಅದಲುಬದಲು ಮಾಡಿದ್ದೇನೆ, ಗೊತ್ತಿರ್ಲಿ" ಎಂದೂ ಹೇಳಿದೆ. "ಅದೆಲ್ಲ ಶಿರಸಿಯಲ್ಲೇ ಕಲ್ತು ಆಯ್ದು" ಎಂದು ಅವರು ಕೈ ಬೀಸಿ ಹೋದರು.

ಮೇ ಮೂವತ್ತಕ್ಕೆ ಹೆಡ್ ಮಾಸ್ತರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತರು. ಎಡಗೈ ಮೌಸಿನ ಮೇಲೆ ಬಿತ್ತೋ ಇಲ್ಲವೋ, ಭಟ್ಟರು ಮುಂದೆ ಬಂದರು.

"ಸರ್, ಒಂದ್ ನಿಮಿಷ. ಕ್ರಮಪ್ರಕಾರ ಹೇಗೆ ಅಂತ ಮೊದಲು ನಾನು ತೋರಿಸ್ತೆ."

ನನ್ನನ್ನು ಎಬ್ಬಿಸಿ ಕೂತು, ಮೌಸನ್ನು ಬಲಕ್ಕೆ ಎಳೆದುಕೊಂಡು, ಎಡಗುಂಡಿ ಒತ್ತಿದರು. ಪರದೆಯ ಮೇಲೆ ಬೇಡದ ಪಟ್ಟಿಯೊಂದು ಇಳಿಯಿತು. ಮತ್ತೆ ಒತ್ತಿದರು, ಮತ್ತೊಂದು ಪಟ್ಟಿ. ಎರಡೆರಡು ಸಲ ಒತ್ತಿದರು, ಉದ್ದ ಒತ್ತಿದರು, ಮೌಸನ್ನೆತ್ತಿ ಮೇಜಿಗೆ ಕುಟ್ಟಿದರು. ಎಲ್ಲಿ ಒತ್ತಿದರೂ ಪಟ್ಟಿಯೇ. ಅವರ ಬೋಳುತಲೆ ಬೆವರಿತು.

"ವೈರಸ್ ಬಂದಿದ್ದು ಸರ್."

"ಟಿ.ಸಿ. ಎಲ್ಲಿ?" ಎಂದರು ಹೆಡ್ ಮಾಸ್ತರು.

"ಗುಂಡಿ..." ಎಂದು ನಾನು ಬಾಯಿ ತೆರೆದೆ. ಭಟ್ಟರು ಎದ್ದು ಕುರ್ಚಿ ಬಿಟ್ಟರು. ನಾನು ಕೂತೆ, ಮೌಸನ್ನು ಎಡಕ್ಕೆ ತಂದುಕೊಂಡೆ. ಹುಡುಗನ ಹೆಸರು ಭರತ, ಹೆಸರಿನ ಮನೆಯಲ್ಲೇ ಬಿತ್ತು. ತಂದೆಯ ಹೆಸರು, ಹುಟ್ಟಿದ ತಾರೀಖು, ನಡತೆ ಉತ್ತಮ. ಏಳು ನಿಮಿಷಕ್ಕೆ ಪ್ರಿಂಟರ್ ಕಿರುಗುಟ್ಟಿತು. ಕಾಗದವನ್ನು ಎಡಗೈಯಲ್ಲಿ ಎಳೆದು, ಬಲಗೈಗೆ ದಾಟಿಸಿ, ಬಲಗೈಯಲ್ಲೇ ಹೆಡ್ ಮಾಸ್ತರಿಗೆ ಕೊಟ್ಟೆ.

ಅವರು ಎರಡು ಸಲ ಓದಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯಾವ ಕೈಯಲ್ಲಿ ಮಾಡಿದ್ದು ಅಂತ ಇದರಲ್ಲಿ ಎಲ್ಲೂ ಕಾಣೋದಿಲ್ಲವಲ್ಲ ಭಟ್ರೆ" ಎಂದು ಸಹಿ ಹಾಕಿದರು. ಕುರ್ಚಿ ನನಗೇ ಉಳಿಯಿತು. ಸಂಜೆ ಎಲ್ಲರೂ ಹೋದ ಮೇಲೆ ಭಟ್ಟರು ಮೆಲ್ಲಗೆ ಬಂದು, ಆ ಗುಂಡಿ ಬದಲಿಸುವುದು ಹೇಗೆಂದು ಕೇಳಿದರು. ಬಸ್ ಟಿಕೆಟ್ಟನ್ನೇ ಅವರ ಕೈಗೆ ಕೊಟ್ಟೆ.

ಉಳಿದದ್ದು ಅವ್ವನಿಗೆ ಹೇಳುವುದು. ಹೆಡ್ ಮಾಸ್ತರಿಗಿಂತ ಅವಳ ಹೆದರಿಕೆಯೇ ನನಗೆ ಹೆಚ್ಚು. ಭಾನುವಾರ ಬೊಮ್ಮಯ್ಯ ಆರಿಸಿದ ಬಂಗಡೆ ಹಿಡಿದು ಇಬ್ಬರೂ ಅವ್ವನ ಊರು ಕೇಣಿಗೆ ಹೋದೆವು. ಅವ್ವ ಜಗಲಿಯಲ್ಲಿ ಒಣಸೆಟ್ಲಿ, ಅಂದರೆ ಒಣಗಿದ ಸಿಗಡಿ, ಆರಿಸುತ್ತಿದ್ದಳು. ಎಲ್ಲ ಹೇಳಿದೆ. ಎಡಗೈ ಎಂದಾಗ ಅವಳ ಕೈ ನಿಂತಿತು. ಮೊರ ಬದಿಗಿಟ್ಟು ನನ್ನ ಎಡಗೈಯನ್ನು ತೊಡೆಯ ಮೇಲೆಳೆದುಕೊಂಡಳು. ಹಿಂದೆ ಗಂಟು ಹಾಕುತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ನೋಯ್ತಿತ್ತೇನೆ ಆಗ?"

ಇಲ್ಲ ಎನ್ನಬೇಕೆಂದಿದ್ದೆ. "ನೋಯ್ತಿತ್ತವ್ವ" ಎಂದುಬಿಟ್ಟೆ. ನಲವತ್ತು ವರ್ಷದ ಅಳು ಒಮ್ಮೆಲೇ ಬಂತು. ಅವಳು ಕೈ ಬಿಡಲಿಲ್ಲ.

ಮಧ್ಯಾಹ್ನ ಬಡಿಸಲು ನಿಂತಾಗ ಸೌಟು ತಾನಾಗಿ ಎಡಗೈಗೆ ಬಂತು. ಅವ್ವನ ತಟ್ಟೆಯ ಎದುರು ನೆನಪಾಗಿ ಗಡಬಡಿಸಿ ಬಲಗೈಗೆ ದಾಟಿಸಹೋದೆ.

"ಇರ್ಲಿ ಬಿಡು, ಹಾಂಗೇ ಬಡಿಸು" ಎಂದಳು ಅವ್ವ. "ಇಲ್ಲಿ ಹೊರಗಿನವ್ರು ಯಾರಿದ್ದಾರೆ?"

"ಅಳಿಯ ಇಲ್ವಾ ಇಲ್ಲಿ?" ಎಂದರು ಬೊಮ್ಮಯ್ಯ.

"ನಿಮ್ಗೆಂತದು? ಇಪ್ಪತ್ನಾಕು ವರ್ಷದಿಂದ ಆ ಕೈ ಹೆರೆದ ಮೀನೇ ತಿಂದದ್ದು ನೀವು."

ಎಡಗೈಯಲ್ಲೇ ಬಡಿಸಿದೆ. ದೊಡ್ಡ ಬಂಗಡೆ ಅವ್ವನ ತಟ್ಟೆಗೇ ಬಿತ್ತು.