ಕಾಶೆವ್ವನ ಬೀಸುವ ಕಲ್ಲು

ಮೇಲವಂಕಿಯಲ್ಲಿ ಕಾಶೆವ್ವನ ಬಾಯಿಗೆ ಹೆದರದವರು ಇಬ್ಬರೇ. ಒಂದು ಅವಳ ಎಮ್ಮೆ, ಇನ್ನೊಬ್ಬಳು ಅವಳ ಹಿರಿಸೊಸೆ ಸುಂದ್ರವ್ವ. ಎಮ್ಮೆಗೆ ಮಾತು ತಿಳಿಯುತ್ತಿರಲಿಲ್ಲ. ಸುಂದ್ರವ್ವನಿಗೆ ಎಲ್ಲವೂ ತಿಳಿಯುತ್ತಿತ್ತು, ಆದರೂ ಹೆದರುತ್ತಿರಲಿಲ್ಲ ಎಂದು ಊರವರು ಹೇಳುತ್ತಿದ್ದರು. ಊರವರು ಹೇಳುವುದು ಯಾವಾಗಲೂ ಅರ್ಧ. ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ಅರಿವೆಯ ಗಂಟು ಕಂಕುಳಲ್ಲಿ ಇರುಕಿಕೊಂಡು ಅತ್ತೆಯ ಬಾಗಿಲ ಮುಂದೆ ಬಂದು ನಿಂತಾಗ ಸುಂದ್ರವ್ವ ಕದ ಬಡಿಯಲು ಎರಡು ಸಲ ಕೈ ಎತ್ತಿ ಎರಡು ಸಲವೂ ಇಳಿಸಿದಳು.

ಬಾಗಿಲು ತೆರೆಯಿತು. ಕಾಶೆವ್ವ ಸೊಸೆಯ ಮುಖ ನೋಡಲಿಲ್ಲ, ಕೊರಳು ನೋಡಿದಳು. ಅಲ್ಲಿ ಲಿಂಗ ಇರಲಿಲ್ಲ. ಬಾಗಿಲು ಮುಚ್ಚಿತು.

ಮೂರು ವರ್ಷದ ಹಿಂದೆ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಊರೂರನ್ನೇ ಗುಡಿಸಿಕೊಂಡು ಹೋದ ದೊಡ್ಡ ಜ್ವರ ಮೇಲವಂಕಿಗೂ ಬಂದಿತ್ತು. ಕಾಶೆವ್ವನ ಹಿರಿಮಗ ಸೋಮಪ್ಪ ಅದರಲ್ಲಿ ತೀರಿಕೊಂಡ. ಅವನ ಹೆಂಡತಿ ಸುಂದ್ರವ್ವನೂ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಮೂಡಲಗಿಯಿಂದ ಅವಳ ಅಣ್ಣ ಗಾಡಿ ತಂದು, ಬದುಕಿದರೆ ಬದುಕಲಿ ಎಂದು ಹುಕ್ಕೇರಿಯ ಮಿಶನ್ ದವಾಖಾನೆಗೆ ಒಯ್ದು ಹಾಕಿದ. ಅವಳು ಬದುಕಿದಳು. ಮನೆಯವರೇ ಮುಟ್ಟಲು ಅಂಜುತ್ತಿದ್ದ ಮೈಯನ್ನು ಗುರುತು ಪರಿಚಯ ಇಲ್ಲದ ಹೆಂಗಸರು ದಿನಾ ತೊಳೆದು ಒರೆಸಿದ್ದರು. ಯಾಕೆ ಎಂದು ಕೇಳಿದಳು. ಅವರು ಏಸುವಿನ ಕಥೆ ಹೇಳಿದರು. ಮೊದಮೊದಲು ಉಪಕಾರಕ್ಕಾಗಿ ಕೇಳಿದಳು, ಆಮೇಲೆ ಕಥೆಗಾಗಿ, ಕೊನೆಗೆ ಅವನಿಗಾಗಿಯೇ. ಓದು ಕಲಿತಳು, ದೀಕ್ಷಾಸ್ನಾನ ಪಡೆದಳು. ಸುದ್ದಿ ಕೇಳಿದ ಅಣ್ಣ, ‘ನಮ್ಮ ಪಾಲಿಗಿ ನೀನೂ ಆ ಜ್ವರದಾಗ ಹ್ವಾದಿ’ ಎಂದು ಹೇಳಿಕಳಿಸಿದ.

ದವಾಖಾನೆಯಲ್ಲೇ ಇದ್ದುಬಿಡಬಹುದಿತ್ತು. ಕೆಲಸವಿತ್ತು, ಬೆಚ್ಚಗಿನ ಮೂಲೆಯಿತ್ತು. ಆದರೆ ಒಂದು ರವಿವಾರ ಉಪದೇಶಿ ರಾಚಪ್ಪನವರು ಒಂದು ಸಂಗತಿ ಹೇಳಿದರು. ಗುಣವಾದವನೊಬ್ಬ ಏಸುವಿನ ದೋಣಿ ಹತ್ತಲು ಹೋದನಂತೆ. ಬೇಡ, ನೀನು ನಿನ್ನ ಮನೆಯವರ ಹತ್ತಿರ ಹೋಗಿ ನಿನಗಾದದ್ದನ್ನು ಹೇಳು ಎಂದು ಏಸು ಅವನನ್ನು ತಿರುಗಿಸಿ ಕಳಿಸಿದನಂತೆ. ಆ ಮಾತು ಸುಂದ್ರವ್ವನ ಬೆನ್ನು ಹತ್ತಿತು. ಹಾಸಿಗೆಯ ಅರಿವೆ ಒಗೆಯುವಾಗ, ಕಸ ಹೊಡೆಯುವಾಗ, ಉಣ್ಣುವಾಗ, ಮನಿಗೆ ಹೋಗು, ಮನಿಗೆ ಹೋಗು. ದೇವರ ಕರೆ ಎಂದರೆ ಗುಡುಗು ಸಿಡಿಲಿನ ಜೊತೆ ಬರುತ್ತದೆಂದು ಅವಳು ತಿಳಿದಿದ್ದಳು. ಇದು ಅವ್ವ ಊಟಕ್ಕೆ ಕರೆದ ಹಾಗಿತ್ತು, ಏಳುವ ತನಕ ಬಿಡುತ್ತಿರಲಿಲ್ಲ.

ರಾಚಪ್ಪನವರಿಗೆ ಇದು ಸೇರಲಿಲ್ಲ. ‘ನಿಮ್ಮತ್ತಿ ನಿನ್ನ ಮಾತ ಕೇಳೂದು ಅಷ್ಟರಾಗ ಐತಿ, ತಂಗಿ. ಹುಕ್ಕೇರಿಯೊಳಗ ಕೇಳಾಕಂತ ಹೆಣ್ಣಮಕ್ಕಳು ಕಾದು ಕುಂತಾರ. ಇಲ್ಲೇ ಹೇಳು.’

‘ಅಂವ ಮನಿಗೆ ಹೋಗು ಅಂದಾನ್ರಿ. ಹುಕ್ಕೇರಿಗೆ ಅಂದಿಲ್ಲ.’

ಉಪದೇಶಿಗಳು ನಕ್ಕರು, ಸಿಟ್ಟೂ ಆದರು. ಕೊನೆಗೆ ಎಳ್ಳಮಾಸಿಯ, ಎಂದರೆ ಎಳ್ಳು ಅಮಾವಾಸ್ಯೆಯ, ತನಕ ಗಡುವು ಕೊಟ್ಟರು. ಅಷ್ಟರೊಳಗೆ ಆ ಮನೆಯಲ್ಲಿ ಒಂದು ಕಿವಿಯಾದರೂ ತೆರೆಯದಿದ್ದರೆ, ಆ ಕರೆ ದೇವರದಲ್ಲ, ಬರೀ ಹಟ ಎಂದು ತಿಳಿದು ಅವಳು ಹುಕ್ಕೇರಿಗೆ ವಾಪಸು ಗಾಡಿ ಹತ್ತಬೇಕು. ಸುಂದ್ರವ್ವ ಒಪ್ಪಿದಳು. ಒಪ್ಪಿದ ಮೇಲೆ ಅಂಜಿಕೆ ಶುರುವಾಯಿತು. ಹಟವೇ ಆಗಿದ್ದರೆ?

ಮೇಲವಂಕಿಯ ಊರಾಚೆಯ ಅಸ್ಪೃಶ್ಯರ ಕೇರಿಯಲ್ಲಿ ಏಸುವನ್ನು ನಂಬಿದ ಒಂದೇ ಮನೆಯಿತ್ತು, ರಾಯವ್ವ ಎಂಬ ಕೂಲಿಯಾಕೆಯದು. ಸುಂದ್ರವ್ವ ಅಲ್ಲಿ ಗಂಟು ಇಳಿಸಿದಳು. ಲಿಂಗವಂತರ ಸೊಸೆ ಕೇರಿಯಲ್ಲಿ ಉಂಡಳು ಎಂಬ ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿ ಕಾಶೆವ್ವನ ಮನೆಗೂ ಬಂತು. ಕಾಶೆವ್ವ ಅಂಗಳಕ್ಕೆ ಬಂದು ನಿಂತು ಬೈದ ಬೈಗುಳದಲ್ಲಿ ಹೊಸವೂ ಇದ್ದವು ಎಂದು ಕೇಳಿದವರು ಹೇಳಿದರು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಸುಂದ್ರವ್ವ ಅತ್ತೆಯ ಮನೆಯ ಹೊರಗಟ್ಟೆಯ ಮೇಲೆ ಹೋಗಿ ಕೂತಳು. ಒಳಗೆ ಬೀಸುವ ಕಲ್ಲು ತಿರುಗುತ್ತಿತ್ತು. ಆಗ ಆ ಸೀಮೆಗೆಲ್ಲ ಹಿಟ್ಟಿನ ಗಿರಣಿ ಇನ್ನೂ ಬಂದಿರಲಿಲ್ಲ. ಮನೆಮನೆಯ ಜೋಳ ಮನೆಯಲ್ಲೇ ಹಿಟ್ಟಾಗಬೇಕಿತ್ತು. ಕಾಶೆವ್ವನ ಕಲ್ಲು ದೊಡ್ಡದು, ಇಬ್ಬರು ಎದುರುಬದುರು ಕೂತು ಒಂದೇ ಗೂಟಕ್ಕೆ ಕೈಹಾಕಿ ಎಳೆಯುವಂಥದು. ಕಿರಿಸೊಸೆ ಲಕ್ಕವ್ವ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಬಾಜೂ ಮನೆಯವರನ್ನು ಕರೆಯೋಣವೆಂದರೆ ಕಾಶೆವ್ವ ಜಗಳ ಮಾಡದ ಬಾಜೂ ಮನೆಯೇ ಉಳಿದಿರಲಿಲ್ಲ. ಒಬ್ಬಳೇ ಎಳೆಯುತ್ತಿದ್ದಳು. ಕಲ್ಲು ಅರ್ಧ ಸುತ್ತಿಗೆ ನಿಲ್ಲುವುದು, ಮತ್ತೆ ನರಳುತ್ತ ಹೊರಡುವುದು ಹೊರಗೆ ಕೂತ ಸುಂದ್ರವ್ವನಿಗೆ ಕೇಳಿಸುತ್ತಿತ್ತು. ತನ್ನ ರಟ್ಟೆಯೇ ನೋಯುತ್ತಿರುವ ಹಾಗೆ ಅನ್ನಿಸುತ್ತಿತ್ತು.

ಹಾಗೆ ವಾರ ಕಳೆಯಿತು. ಒಂದು ಮುಂಜಾನೆ ಕಲ್ಲು ನಿಂತದ್ದು ಮತ್ತೆ ಹೊರಡಲಿಲ್ಲ. ಬಾಗಿಲು ತೆರೆಯಿತು.

‘ಬರೇ ಕುಂದ್ರಾಕ ಬಂದೀಯೋ, ಬೀಸಾಕ ಬಂದೀಯೋ?’

‘ಬೀಸಾಕ ಬಂದೇನ್ರಿ, ಅತ್ತೀ.’

‘ಕಲ್ಲು ಒಣಾದು, ಕಾಳು ಒಣಾವು. ಒಣಾದಕ್ಕ ಮೈಲಿಗಿ ಇಲ್ಲ. ಒಳಗಿನ ಹೊಸ್ತಿಲಾ ದಾಟಬ್ಯಾಡ, ಕೊಡಾ ಮುಟ್ಟಬ್ಯಾಡ. ನಿನ್ನ ಏಸೂನ ಹೆಸರು ಎತ್ತಿದೆಂದ್ರ ಗೂಟಾ ಕಿತ್ತು ತಲಿ ಮ್ಯಾಲ ಹಾಕ್ತೇನಿ, ನೋಡು.’

‘ಆತ್ರಿ, ಎತ್ತೂದಿಲ್ಲ. ಆದ್ರ ನೀವು ಹಚ್ಚೂ ದೇವರ ಪದಾ ನಾ ಹಿಡ್ಯಾಕಿ ಅಲ್ರಿ. ನನಗ ಈಗ ಅಂವ ಒಬ್ಬಾವನ.’

‘ಹಂಗಾರ ಮೂಕಾಗಿ ಬೀಸು,’ ಅಂದಳು ಕಾಶೆವ್ವ.

ಬೀಸುವಾಗ ಹಾಡದಿರುವುದು ಅಲ್ಲಿಯವರಿಗೆ ಉಪ್ಪಿಲ್ಲದೆ ಉಣ್ಣುವ ಹಾಗೆ. ಒಬ್ಬಳು ಪದ ಹಚ್ಚಬೇಕು, ಎದುರಿನವಳು ಕೊನೆಯ ಸಾಲು ಹಿಡಿಯಬೇಕು, ಆಗಲೇ ಕಲ್ಲು ಹಗುರಾಗುವುದು. ಅದರಲ್ಲೂ ಈ ಸುಂದ್ರವ್ವ! ಹಿಂದೊಮ್ಮೆ ಸೋಮಪ್ಪನಿಗೆ ಬೇರೊಬ್ಬ ಹುಡುಗಿಯನ್ನು ನೋಡಲು ಮೂಡಲಗಿಗೆ ಹೋಗಿದ್ದ ಕಾಶೆವ್ವ, ಬೆಳಗಿನ ಜಾವ ಪಕ್ಕದ ಮನೆಯಿಂದ ಬಂದ ಬೀಸುವ ಪದ ಕೇಳಿ ಎದ್ದು ಕೂತು, ‘ಆ ದನಿ ಯಾರದೈತಿ, ಆಕೀನ ನನ್ನ ಸೊಸಿ’ ಅಂದಿದ್ದಳು. ಹುಡುಗಿಯ ಮುಖ ನೋಡಿದ್ದು ಆಮೇಲೆ. ಸೋಮಪ್ಪ ಇದ್ದಷ್ಟು ದಿನ ಆ ಅತ್ತೆ-ಸೊಸೆಯರ ಹಾಡಿಗೇ ಕಣ್ಣು ಬಿಡುತ್ತಿದ್ದ.

ಈಗ ಅದೇ ಇಬ್ಬರು, ಅದೇ ಕಲ್ಲು, ದನಗಳಿಗೆ ಮೇವು ಹಾಕುವ ಗ್ವಾದಲಿಯ ಪಕ್ಕದ ಅದೇ ಜಾಗ. ಮಾತಿಲ್ಲ, ಪದವಿಲ್ಲ. ಕಲ್ಲಿನ ಗರಗರ, ಕೊನೆಗೆ ಹಿಟ್ಟು ಬಳಿಯುವಾಗ ಕಾಶೆವ್ವನ ಒಂದೆರಡು ಬೈಗುಳ, ಅಷ್ಟೇ. ಬೆಳಕು ಹರಿದ ಮೇಲೆ ಸುಂದ್ರವ್ವ ಎದ್ದು ಸೆರಗಿನ ಹಿಟ್ಟು ಕೊಡವಿಕೊಂಡು ಕೇರಿಗೆ ಹೋಗುವಳು, ಮರುದಿನ ಮತ್ತೆ ಬರುವಳು. ಕಿರಿಮಗ ಮಾಲಿಂಗಪ್ಪ ಎತ್ತು ಬಿಚ್ಚಲು ಬಂದವನು ಇಬ್ಬರನ್ನೂ ನೋಡಿ, ಏನೂ ಕಾಣದವನ ಹಾಗೆ ಹೊರಗೆ ಹೋಗಿಬಿಡುತ್ತಿದ್ದ. ಜಾಣ ಹುಡುಗ.

ನಡುವೆ ರಾಚಪ್ಪನವರು ಒಮ್ಮೆ ಬಂದು ಹೋದರು. ರಾಯವ್ವನ ಗುಡಿಸಲ ಮುಂದೆ ಕೂತು ಕೇಳಿದರು: ‘ಬಂದು ತಿಂಗಳಾಗಾಕ ಬಂತು. ಯಾರಾರಿಗೆ ಹೇಳಿದಿ?’

‘ಇನ್ನಾ ಯಾರಿಗೂ ಹೇಳಿಲ್ರಿ.’

‘ಮತ್ತ ಏನ ಮಾಡಾಕತ್ತಿ?’

‘ಬೀಸಾಕತ್ತೇನ್ರಿ.’

ಉಪದೇಶಿಗಳು ತಲೆಯ ಮೇಲಿನ ರುಮಾಲು ತೆಗೆದು ಮತ್ತೆ ಇಟ್ಟುಕೊಂಡರು. ಒಳ್ಳೆಯ ಮನುಷ್ಯ, ಊರೂರು ತಿರುಗಿ ಅಂಗಾಲು ಸವೆಸಿದವರು. ಬಾಯಿ ಇದ್ದೂ ಆಡದ ಸಾಕ್ಷಿ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ‘ಎಳ್ಳಮಾಸಿ ಹಿಂದಿನ ದಿನಾ ಗಾಡಿ ತರ್ತೇನಿ, ತಂಗಿ. ಗಂಟು ಕಟ್ಟಿಕೊಂಡಿರು,’ ಅಂದು ಹೋದರು.

ಅವರು ಹೋದ ಮೇಲೆ ಸುಂದ್ರವ್ವ ಹಳ್ಳದ ದಂಡೆಗೆ ಹೋಗಿ ಕೂತು ಅತ್ತಳು. ದೇವರ ಮೇಲೆ ಅವಳಿಗೆ ಸಿಟ್ಟು ಬಂದಿತ್ತು. ಹೇಳು ಎಂದು ಕಳಿಸಿದವನೂ ನೀನೇ, ನಾಲಿಗೆ ಕಟ್ಟಿ ಕೂಡಿಸಿದವನೂ ನೀನೇ, ಇದು ಯಾವ ನ್ಯಾಯ ಎಂದು ಬಾಯಿಬಿಟ್ಟೇ ಕೇಳಿದಳು. ಕೊಟ್ಟ ಮಾತು ಮುರಿದು ಹೇಳಿಬಿಡಲೇ ಎಂದು ಯೋಚಿಸಿದಳು. ಆದರೆ ಮಾತು ಮುರಿದವಳ ಬಾಯಿಂದ ಬಂದ ಮಾತನ್ನು ಕಾಶೆವ್ವ ಯಾಕೆ ನಂಬಬೇಕು? ಮುಖ ತೊಳೆದುಕೊಂಡು ಎದ್ದಳು. ಮರುದಿನವೂ ಹೋಗಿ ಗೂಟ ಹಿಡಿದಳು.

ಎಲ್ಲಕ್ಕಿಂತ ಕಠಿಣವಾದ ದಿನ ಆಮೇಲೆ ಬಂತು. ಅಂದು ಕಾಶೆವ್ವ ಇದ್ದಕ್ಕಿದ್ದ ಹಾಗೆ ತಾನೇ ಪದ ಹಚ್ಚಿದಳು. ಬಸವಣ್ಣನ ಪದ, ಸುಂದ್ರವ್ವ ಈ ಮನೆಗೆ ಬಂದ ಮೊದಲ ಮುಂಜಾನೆ ಇಬ್ಬರೂ ಕೂಡಿ ಹಾಡಿದ್ದು. ಮುದುಕಿಯ ದನಿ ಒಡೆದಿತ್ತು. ಎರಡು ಸಾಲು ಹೇಳಿ, ಮೂರನೆಯದನ್ನು ಸೊಸೆ ಹಿಡಿಯಲೆಂದು ಬಿಟ್ಟುಕೊಟ್ಟಳು. ಕಲ್ಲು ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಸುಂದ್ರವ್ವನ ಗಂಟಲಿನ ತನಕ ಬಂದಿತ್ತು ಆ ಸಾಲು. ಸೋಮಪ್ಪ ಮಗ್ಗುಲು ಬದಲಿಸಿದ ಸಪ್ಪಳವೂ ಒಳಗಿನಿಂದ ಕೇಳಿದ ಹಾಗಾಯಿತು. ಒಂದು ಸಾಲು ಹಿಡಿದರೆ ಮುದುಕಿಯ ಜೀವಕ್ಕೆ ತಂಪು, ಯಾರಿಗೂ ಗೊತ್ತಾಗುವುದೂ ಇಲ್ಲ. ಆದರೆ ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಿಂದ ಅಂದು ಅತ್ತೆಗೆ ಮೋಸ ಮಾಡಲು ಅವಳು ಬಂದಿರಲಿಲ್ಲ. ತುಟಿ ಕಚ್ಚಿ ಹಿಡಿದಳು. ಕಣ್ಣೀರು ಹಿಟ್ಟಿಗೆ ಬೀಳಬಾರದೆಂದು ಮುಖ ಆಚೆ ತಿರುಗಿಸಿದಳು.

ಕಾಶೆವ್ವ ಆ ಸಾಲನ್ನು ತಾನೂ ಹೇಳಲಿಲ್ಲ. ಅಂದು ಹಿಟ್ಟು ಬಳಿಯುವಾಗ ಅವಳು ಬೈಯಲೂ ಇಲ್ಲ.

ಎಳ್ಳಮಾಸಿಯ ಹಿಂದಿನ ದಿನ ಬಂತು. ಮರುದಿನ ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಕೊಡಲು ಹೋಗಬೇಕು, ಆಳುಕಾಳಿಗೆಲ್ಲ ರೊಟ್ಟಿ, ಕಡಬು. ಕಲ್ಲಿನ ಬದಿಗೆ ಬುಟ್ಟಿ ತುಂಬ ಜೋಳ, ಇನ್ನೊಂದು ಬುಟ್ಟಿ ತುಂಬ ಸಜ್ಜೆ. ಸುಂದ್ರವ್ವ ಗಂಟು ಕಟ್ಟಿ ರಾಯವ್ವನ ಮನೆಯಲ್ಲಿ ಇಟ್ಟೇ ಬಂದಿದ್ದಳು. ಸೋತೆ ಎಂದು ಅವಳಿಗೆ ಗೊತ್ತಿತ್ತು. ಸೋತರೂ ಈ ಜೋಳ ಮುಗಿಸಿಯೇ ಏಳುವುದೆಂದು ಗಟ್ಟಿಮಾಡಿ ರಟ್ಟೆ ಬೀಸಿ ಎಳೆಯುತ್ತಿದ್ದಳು.

ಕತ್ತಲು ತಿಳಿಯಾಗುವ ಹೊತ್ತಿಗೆ ಕಾಶೆವ್ವ ಕಾಳು ಹಾಕುವ ಕೈ ನಿಲ್ಲಿಸಿದಳು.

‘ಅವತ್ತ ಯಾಕ ಹಿಡೀಲಿಲ್ಲ?’

‘ಖರೆ ಇಲ್ಲದ್ದು ನಿಮ್ಮ ಮುಂದ ಹ್ಯಾಂಗ ಅನ್ಲಿರಿ, ಅತ್ತೀ?’

ಮುದುಕಿ ಕಲ್ಲಿನ ಅಂಚಿನ ಹಿಟ್ಟನ್ನು ಕೈಯಿಂದ ಒಳಗೆ ಸರಿಸಿದಳು. ‘ಅಷ್ಟ ಖರೆ ಅದಾನೇನ ಅಂವ?’

ಸುಂದ್ರವ್ವ ಹೆಸರೆತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಬರೀ ತಲೆಯಾಡಿಸಿದಳು.

‘ಬಾಯಿ ಬಿಟ್ಟ ಹೇಳ, ನಾನ ಕೇಳಾಕತ್ತೇನಿ. ಅವಗ ಅವ್ವ ಇದ್ದಳೇನು?’

‘ಇದ್ದಳ್ರಿ.’

‘ಅಂವ ಸಾಯೂ ಮುಂದ?’

‘ಅಲ್ಲೇ ಇದ್ದಳ್ರಿ. ಅವನ್ನ ಮರಕ್ಕ ಹಾಕಿ ಮೊಳಿ ಬಡದಿದ್ರು. ಎಲ್ಲಾರೂ ಓಡಿ ಹೋಗಿದ್ರು. ಆಕಿ ಅವನ ಕಾಲಡಿಗೆ ನಿಂತಿದ್ದಳು.’

ಕಾಶೆವ್ವ ಗೂಟದ ಮೇಲಿಂದ ಕೈ ತೆಗೆದಳು. ‘ಏನರ ಅಂದನೇನ ಆಕಿಗೆ?’

ಇಷ್ಟು ದಿನ ಸುಂದ್ರವ್ವ ಮನಸ್ಸಿನಲ್ಲೇ ಎಷ್ಟೋ ಪದ ಕಟ್ಟಿ ಇಟ್ಟುಕೊಂಡಿದ್ದಳು. ಕುರುಡರ ಕಣ್ಣಿನ ಪದ, ರೊಟ್ಟಿ ಹಂಚಿದ ಪದ, ಬಿರುಗಾಳಿಯ ಪದ. ಈ ತಾಯಿಯ ಪದ ಮಾತ್ರ ಕಟ್ಟಿರಲಿಲ್ಲ, ಯಾರಾದರೂ ಕೇಳುತ್ತಾರೆಂದು ಹೊಳೆದೇ ಇರಲಿಲ್ಲ. ‘ಬಾಜೂಕ ಅವನ ಗೆಳ್ಯಾ ಒಬ್ಬ ನಿಂತಿದ್ದನ್ರಿ. ಆಕೀನ್ನ ಅವನ ಕೈಯಾಗ ಕೊಟ್ಟ. ಇಕಿ ಇನ್ನ ನಿನ್ನ ತಾಯಿ ಅಂತ ತಿಳಿ ಅಂದ. ಅಷ್ಟ ನೋವಿನಾಗನೂ ಅವ್ವನ್ನ ಮರೀಲಿಲ್ರಿ.’

ಗ್ವಾದಲಿಯಲ್ಲಿ ಎಮ್ಮೆ ಮೇವು ಜಗ್ಗುತ್ತಿತ್ತು. ಕಾಶೆವ್ವ ಅದರ ಕಡೆ ನೋಡುತ್ತ ಅಂದಳು: ‘ನಮ್ಮ ಸೋಮ್ಯಾ ಏನೂ ಹೇಳ್ಲಿಲ್ಲ. ಬಾಯಾಗ ಮಾತ ಉಳದಿರಲಿಲ್ಲ. ನನ್ನ ಯಾರ ಕೈಯಾಗ ಕೊಡಬೇಕಂತ ಇತ್ತೋ ಏನೋ.’

ಮೂರು ವರ್ಷದಲ್ಲಿ ಅವಳು ಯಾರೆದುರೂ ಅತ್ತಿರಲಿಲ್ಲ, ಬೈದಿದ್ದಳು ಅಷ್ಟೇ. ಈಗ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಸುಂದ್ರವ್ವ ಎದ್ದು ಹೋಗಿ ತಬ್ಬಿಕೊಳ್ಳಲಿಲ್ಲ. ಮುಟ್ಟುವುದು ಅತ್ತೆಯಿಂದ ಬರಬೇಕು ಎಂದು ಅವಳಿಗೆ ಗೊತ್ತಿತ್ತು. ಕೂತಲ್ಲೇ ತಾನೂ ಅತ್ತಳು.

ಕಾಶೆವ್ವ ಮೂಗು ಒರೆಸಿಕೊಂಡು ಗದರಿದಳು. ‘ನಾ ಲಿಂಗಾ ಬಿಡಾಕಿ ಅಲ್ಲ, ತಿಳೀತಿಲ್ಲೊ?’

‘ತಿಳೀತ್ರಿ.’

‘ಹಾಡು. ಆಕೀದು ಹಾಡು, ಆ ತಾಯೀದು.’ ಅಂದವಳು ಗೂಟಕ್ಕೆ ಕೈ ಹಾಕಿದಳು. ಎಂದಿನ ಹಾಗೆ ಗೂಟದ ತುದಿಗೆ ಬೇರೆಯಾಗಿ ಅಲ್ಲ, ಸುಂದ್ರವ್ವನ ಕೈಯ ಮೇಲೆಯೇ.

ಸುಂದ್ರವ್ವ ಕಲ್ಲು ಎಳೆದಳು. ಮೊದಲ ಸುತ್ತಿಗೆ ದನಿ ಬರಲಿಲ್ಲ. ಎರಡನೆಯ ಸುತ್ತಿಗೆ ಬಂತು.

ಮಗನ ಕಾಲಡಿಯಾಗ ಮರಮರಗಿ ನಿಂತಾಳ
ಹಡೆದವ್ವ ಸೆರಗು ಕಚಗೊಂಡು, ಆಕೀನ
ಮತ್ತೊಬ್ಬರ ಕೈಯಾಗ ಕೊಟ್ಟಾನ

ಮೂರು ವರ್ಷ ಸುಮ್ಮನಿದ್ದ ಆ ದನಿ ಅಂಗಳ ದಾಟಿ ಓಣಿಗೆ ಹೋಯಿತು. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಹಿಡಿದುಕೊಂಡೇ ನಿಂತರು. ಈ ಸಲ ಕೊನೆಯ ಸಾಲು ಗಾಳಿಯಲ್ಲಿ ಉಳಿಯಲಿಲ್ಲ. ಕಾಶೆವ್ವ ಹಿಡಿದಳು, ಒಡೆದ ದನಿಯಲ್ಲಿ, ತಲೆ ಬಗ್ಗಿಸಿಕೊಂಡು. ಮತ್ತೊಬ್ಬರ ಕೈಯಾಗ ಕೊಟ್ಟಾನ.

ಹೊರಗೆ ಗಾಡಿ ನಿಂತ ಸಪ್ಪಳವಾಯಿತು. ತೆರೆದ ಬಾಗಿಲಲ್ಲಿ ರಾಚಪ್ಪನವರು ಕಾಣಿಸಿದರು, ಕೈಯಲ್ಲಿ ಸುಂದ್ರವ್ವನ ಅರಿವೆಯ ಗಂಟು. ಸುಂದ್ರವ್ವ ಅವರನ್ನು ನೋಡಿದಳು, ಕಲ್ಲು ನಿಲ್ಲಿಸಲಿಲ್ಲ.

‘ಯಾರವ್ರು?’ ಎಂದಳು ಕಾಶೆವ್ವ, ತಿರುಗಿ ನೋಡದೆ.

‘ಹುಕ್ಕೇರಿ ಉಪದೇಶಿಗಳ್ರಿ. ನನ್ನ ಕರಕೊಂಡ ಹೋಗಾಕ ಬಂದಾರ.’

ಕಾಶೆವ್ವ ಬುಟ್ಟಿಗೆ ಕೈ ಹಾಕಿ ಹಿಡಿ ತುಂಬ ಜೋಳ ತೆಗೆದು ಕಲ್ಲಿಗೆ ಸುರಿದಳು.

‘ಕಾಳು ಇನ್ನಾ ಅದಾವ ಅಂತ ಹೇಳು.’